ಇಂಟರ್‌ಫೇಸ್ ಕಾರ್ಪೆಟ್ ಕಂಪನಿ ಮೊದಲಿನಿಂದಲೂ ಹೀಗೇ ಇತ್ತಾ?

ಬಿಬಿಎ ಹುಡುಗಿ:
ನಮಸ್ಕಾರ. ಕಾಲೇಜಿನಲ್ಲಿ ಒಂದು ಕಂಪನಿಯ ಇತಿಹಾಸ ಹೇಳಬೇಕು. ನನಗೆ ಬಂದಿರುವುದು ಅಮೆರಿಕದ ಇಂಟರ್‌ಫೇಸ್, ಕಾರ್ಪೆಟ್ ಟೈಲ್ಸ್ (ತುಂಡು ತುಂಡಾಗಿ ಜೋಡಿಸಿ ಹಾಸುವ ಕಾರ್ಪೆಟ್) ಮಾಡುವವರು. ಎಲ್ಲಿ ನೋಡಿದರೂ ಪರಿಸರದ ಮಾತೇ ಇದೆ. ಶುರುವಿನಿಂದಲೂ ಹೀಗೇ ಇತ್ತಾ?

ಫ್ಲೋರಿಂಗ್ ಮಂಜಣ್ಣ:
ಇಲ್ಲಮ್ಮ. ನಾನು ಬೆಂಗಳೂರಿನ ಆಫೀಸುಗಳಿಗೆ ಕಾರ್ಪೆಟ್ ಹಾಸುವವನು. ಈ ಕಂಪನಿ ಕಥೆ ನನಗೆ ಬಹಳ ಇಷ್ಟ.

ರೇ ಆಂಡರ್ಸನ್ 1973ರಲ್ಲಿ ಜಾರ್ಜಿಯಾದ ಲಾಗ್ರೇಂಜ್‌ನಲ್ಲಿ ಇದನ್ನು ಕಟ್ಟಿದರು. ಜೊತೆಗೆ ಇಂಗ್ಲೆಂಡಿನ ಒಂದು ಕಾರ್ಪೆಟ್ ಕಂಪನಿಯ ಪಾಲೂ ಇತ್ತು. ಆಗ ಅಮೆರಿಕದಲ್ಲಿ ಗೋಡೆಗಳಿಲ್ಲದ ದೊಡ್ಡ ಆಫೀಸುಗಳು ಬರುತ್ತಿದ್ದವು. ರೋಲ್ ಕಾರ್ಪೆಟ್ ಆದರೆ ಕಲೆಯಾದ ಜಾಗ ಕತ್ತರಿಸಿ ತೇಪೆ ಹಾಕಬೇಕು. ಟೈಲ್ ಆದರೆ ಒಂದನ್ನು ಎತ್ತಿ ಇನ್ನೊಂದು ಇಟ್ಟರೆ ಮುಗಿಯಿತು. ಕೆಳಗಿನ ವೈರ್ ನೋಡುವುದೂ ಸುಲಭ. ವ್ಯಾಪಾರ ಚೆನ್ನಾಗಿ ಬೆಳೆಯಿತು. 1988ರಲ್ಲಿ ಹಾಲೆಂಡಿನ ಹ್ಯೂಗಾ ಕಂಪನಿಯನ್ನೂ ಕೊಂಡರು.

ಆದರೆ ಈ ಟೈಲ್‌ಗೆ ಬೇಕಾದ ನೈಲಾನ್ ನೂಲು ಬರುವುದು ಪೆಟ್ರೋಲಿಯಂನಿಂದ. 1994ರಲ್ಲಿ ಗ್ರಾಹಕರು ಪರಿಸರಕ್ಕೆ ನೀವೇನು ಮಾಡುತ್ತಿದ್ದೀರಿ ಎಂದು ಕೇಳತೊಡಗಿದರು. ಭಾಷಣ ಮಾಡಬೇಕಿದ್ದ ಆಂಡರ್ಸನ್ ಅವರ ಬಳಿ ಉತ್ತರ ಇರಲಿಲ್ಲ. ಆಗ ವ್ಯಾಪಾರ ಮತ್ತು ಪರಿಸರದ ಬಗ್ಗೆ ಪಾಲ್ ಹಾಕನ್ ಅನ್ನುವ ಲೇಖಕರು ಬರೆದ ಪುಸ್ತಕ ಓದಿ ಪೂರ್ತಿ ಬದಲಾದರು. ಮುಂದೆ 2020ರೊಳಗೆ ಪರಿಸರಕ್ಕೆ ಹಾನಿಯೇ ಇರಬಾರದು ಅನ್ನುವ ಗುರಿ ಇಟ್ಟುಕೊಂಡರು.

ನನಗೆ ಜಾಸ್ತಿ ಹಿಡಿಸಿದ್ದು 2000ದಲ್ಲಿ ಬಂದ ಎಂಟ್ರೊಪಿ ಟೈಲ್. ಡೇವಿಡ್ ಓಕಿ ಅವರ ತಂಡ ಕಾಡಿನ ನೆಲ ನೋಡಿ ಮಾಡಿದ ವಿನ್ಯಾಸ. ಎರಡು ಟೈಲ್ ಒಂದೇ ಥರ ಇರುವುದಿಲ್ಲ. ಯಾವ ದಿಕ್ಕಿಗೆ ಹಾಕಿದರೂ ಹೊಂದುತ್ತದೆ. ಬಣ್ಣದ ಲಾಟ್ ಬೇರೆ ಆದರೂ, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದ ಮಾಲಾದರೂ, ಎದ್ದು ಕಾಣಲ್ಲ. ಮೂಲೆಗಳಲ್ಲಿ ಉಳಿದ ತುಂಡೂ ಉಪಯೋಗಕ್ಕೆ ಬರುತ್ತದೆ. ಪರಿಸರದ ಮಾತು ಬರೀ ಜಾಹೀರಾತಲ್ಲ ಎಂದು ನಾನು ನಂಬುವುದು ಇಲ್ಲೇ. ಕೆಲಸ ಮುಗಿದಾಗ ಮೂಟೆಯಲ್ಲಿ ಎಷ್ಟು ವೇಸ್ಟ್ ಉಳಿಯಿತು ಎಂದು ಹಾಸುವವನಿಗೆ ಗೊತ್ತಾಗುತ್ತೆ, ಅಲ್ವಾ?

ಲೆಕ್ಕದ ರಮೇಶ:
ಮಂಜಣ್ಣ, ಅವರು ಕಾರ್ಪೆಟ್ ಮಾರದೆ ತಿಂಗಳ ಬಾಡಿಗೆಗೆ ಕೊಡಲು ಹೊರಟಿದ್ದರಂತೆ. ಅದು ಏನಾಯಿತು?

ಫ್ಲೋರಿಂಗ್ ಮಂಜಣ್ಣ:
ಹೌದು ರಮೇಶ್, ಎವರ್‌ಗ್ರೀನ್ ಲೀಸ್ ಅಂತ. ಸವೆದ ಟೈಲ್ ಮಾತ್ರ ಬದಲಿಸಿ, ಹಳೆಯದನ್ನು ಕಂಪನಿಯೇ ಒಯ್ಯುವುದು. ಒಳ್ಳೆಯ ಯೋಚನೆ, ಆದರೆ ಗಿರಾಕಿಗಳು ಸಿಕ್ಕಿದ್ದು ಕಡಿಮೆ. ಕಾರ್ಪೆಟ್ ನೋಡಿಕೊಳ್ಳುವ ಖರ್ಚು ಆಫೀಸಿನ ಒಟ್ಟು ಸ್ವಚ್ಛತೆಯ ಲೆಕ್ಕದಲ್ಲಿ ಸೇರಿಹೋಗಿರುತ್ತದೆ, ಬೇರೆಯಾಗಿ ಕಾಣಲ್ಲ. ಹಾಗಾಗಿ ಬಾಡಿಗೆ ದುಬಾರಿ ಅನ್ನಿಸಿತು.

ತಂಗಿ, ಈ ಸೋಲನ್ನೂ ಬಿಡದೆ ಹೇಳು. ಆಂಡರ್ಸನ್ 2011ರಲ್ಲಿ ತೀರಿಕೊಂಡರು. ಗುರಿ ಮುಟ್ಟಿದ್ದೇವೆ ಎಂದು ಕಂಪನಿ ಹೇಳಿದ್ದು 2019ರಲ್ಲಿ.