ಇ-ಸೈಕಲ್ಲಿಗೆ ಟ್ಯೂಬ್‌ಲೆಸ್: ಮೊದಲು ರಿಮ್ ನೋಡ್ರಿ, ಆಮೇಲೆ ಟೈರ್

ಪ್ರಶ್ನೆ (ಗಂಗಾವತಿ):
ನಮಸ್ಕಾರ್ರಿ ಸರ್. ನಂದು 27.5 ಇಂಚಿನ ಇ-ಸೈಕಲ್, 2.10 ಟೈರ್, ಹಿಂದಿನ ಗಾಲಿಯೊಳಗ 250 ವ್ಯಾಟ್ ಹಬ್ ಮೋಟರ್ ಐತಿ. ದಿನಾ ಎಡದಂಡೆ ಕಾಲುವೆ ರಸ್ತೆ ಹಿಡಿದು ಓಡಾಟ. ಎರಡೂ ಕಡೆ ಬಳ್ಳಾರಿ ಜಾಲಿ, ಕಡಿದು ಹಾಕಿದ ಕೊಂಬಿ ರಸ್ತೆ ಮ್ಯಾಲೇ ಬಿದ್ದಿರ್ತಾವ. ಹಿಂದಿನ ಗಾಲಿ ಪಂಚರ್ ಆದ್ರ ಅಂಗಡಿಯವರು ಮೋಟರಿನ ವೈರ್ ನೋಡಿ ಕೈ ಹಚ್ಚಂಗಿಲ್ಲ. ಟ್ಯೂಬ್‌ಲೆಸ್ ಮಾಡಿಸಬಹುದೇನ್ರಿ? ಇರೋ ಟೈರಿನಾಗಿನ ಟ್ಯೂಬ್ ತೆಗೆದು ಸೀಲೆಂಟ್ (ತೂತು ಮುಚ್ಚೋ ದ್ರವ) ಸುರಿದ್ರ ನಡೀತದಾ? ನನ್ನ ತೂಕ 82 ಕೆಜಿ.

ಉತ್ತರ (ಇ-ಸೈಕಲ್ ಮೆಕ್ಯಾನಿಕ್, ಬಳ್ಳಾರಿ):
ಮಾಡಿಸಬಹುದ್ರಿ, ಆದರೆ ಆಗುತ್ತೋ ಇಲ್ಲೋ ಅನ್ನೋದನ್ನ ರಿಮ್ ಹೇಳಬೇಕು. ಟ್ಯೂಬೂ ಒಳಗಿನ ರಬ್ಬರ್ ಪಟ್ಟಿಯೂ ತೆಗೆದು ನೋಡಿ. ಕಡ್ಡಿಗಳ ನಿಪ್ಪಲ್, ಅಂದರೆ ಕಡ್ಡಿ ಬಿಗಿ ಮಾಡುವ ಸಣ್ಣ ನಟ್, ಅದರ ತಲೆ ಟೈರ್ ಕೂರುವ ತಳದಲ್ಲೇ ಎದ್ದು ಕಾಣುತ್ತಿದ್ದರೆ ಅದು ಸಿಂಗಲ್ ವಾಲ್ ರಿಮ್. ಅಲ್ಲಿಗೆ ಟ್ಯೂಬ್‌ಲೆಸ್ ಮಾತು ಬಿಡಿ, ಕಡ್ಡಿ ತೂತು ಮುಚ್ಚಲು ರಿಮ್ಮಿಗೆ ಸುತ್ತುವ ಯಾವ ಟೇಪೂ ಆ ಉಬ್ಬುತಗ್ಗಿನ ಮೇಲೆ ಗಾಳಿ ತಡೆಯೋದಿಲ್ಲ. ತಳದಲ್ಲಿ ಬರೀ ತೂತು ಕಂಡು, ನಿಪ್ಪಲ್ ಆ ತೂತಿನ ಆಳದಲ್ಲಿದ್ದರೆ ಅದು ಡಬಲ್ ವಾಲ್. ಅಷ್ಟೇ ಸಾಲದು. ಟೈರಿನ ಅಂಚು, ಅಂದರೆ ಬೀಡ್, ಕೂರುವ ಜಾಗದ ಒಳಮಗ್ಗುಲಿಗೆ ಬೆರಳಾಡಿಸಿ. ಸಣ್ಣದೊಂದು ದಿಬ್ಬ ಸಿಗಬೇಕು. ಗಾಳಿ ಕಡಿಮೆಯಾದಾಗ ಬೀಡ್ ಒಳಗೆ ಜಾರದಂತೆ ಹಿಡಿಯುವುದು ಆ ದಿಬ್ಬವೇ. ಟ್ಯೂಬ್‌ಲೆಸ್ ರೆಡಿ ಎಂದು ರಿಮ್ ಮೇಲೆ ಬರೆದಿದ್ದರೆ ಸಾಮಾನ್ಯವಾಗಿ ಇದು ಇರುತ್ತದೆ.

ಇರುವ ಟೈರಿನಲ್ಲಿ ಬೇಡ. ಸಾಧಾರಣ ಟೈರಿನ ಬದಿಯ ಬಟ್ಟೆಯಲ್ಲಿ ಗಾಳಿ ಸೋಸುತ್ತದೆ, ಬೀಡಿನ ಅಳತೆಯೂ ಅಷ್ಟು ಬಿಗಿ ಇರುವುದಿಲ್ಲ. ಮೋಟರಿನ ತೂಕ ಇರುವ ಗಾಲಿ ಗುಂಡಿಗೆ ಬಿದ್ದಾಗ ಬೀಡ್ ಒಂದು ಕ್ಷಣ ಬಿಟ್ಟುಕೊಂಡು ಭುಸ್ ಎಂದು ಗಾಳಿ ಕಕ್ಕುತ್ತದೆ. ಅದೇ ತಿರುವಿನಲ್ಲಾದರೆ ಬೀಳುತ್ತೀರಿ. ಟ್ಯೂಬ್‌ಲೆಸ್ ರೆಡಿ ಎಂದು ಬರೆದ, 584 ಸಂಖ್ಯೆ ಇರುವ ಟೈರ್ ತಗೊಳ್ಳಿ. 27.5 ಇಂಚಿನ ಗಾಲಿಗೆ ಬೀಡಿನ ವ್ಯಾಸ 584 ಮಿಮೀ, 26 ಇಂಚಿನದಕ್ಕೆ 559, 29ಕ್ಕೆ 622. ಇಂಚಿನ ಲೆಕ್ಕಕ್ಕಿಂತ ಈ ಸಂಖ್ಯೆ ನಂಬಿ.

ಟೇಪ್ ರಿಮ್ಮಿನ ಒಳಅಗಲಕ್ಕಿಂತ 2ರಿಂದ 4 ಮಿಮೀ ಹೆಚ್ಚಿರಬೇಕು. ಒಳಅಗಲ 21 ಇದ್ದರೆ 25ರ ಟೇಪ್. ಎರಡು ಸುತ್ತಿಗೆ ಗಾಲಿಯೊಂದಕ್ಕೆ ಸುಮಾರು 3.8 ಮೀಟರ್ ಬೇಕು, 10 ಮೀಟರಿನ ಒಂದು ರೋಲಿನಲ್ಲಿ ಎರಡೂ ಗಾಲಿ ಮುಗಿದು ಉಳಿಯುತ್ತದೆ. ವಾಲ್ವ್ ತಗೊಳ್ಳುವ ಮುಂಚೆ ರಿಮ್ಮಿನ ತೂತು ಅಳೆಯಿರಿ: 8.5 ಮಿಮೀ ಆಸುಪಾಸು ಇದ್ದರೆ ಬೈಕಿನ ಥರದ ಶ್ರೇಡರ್, 6.5 ಇದ್ದರೆ ಸಣ್ಣ ಪ್ರೆಸ್ಟಾ. ಎರಡರಲ್ಲೂ ಸೈಕಲ್ ಟ್ಯೂಬ್‌ಲೆಸ್ ವಾಲ್ವ್ ಸಿಗುತ್ತವೆ. ಸ್ಕೂಟರಿನ ದಪ್ಪ ವಾಲ್ವ್ ಹಾಕಲೆಂದು ರಿಮ್ ಕೊರೆಯಬೇಡಿ. ಸೀಲೆಂಟ್ ಲೇಟೆಕ್ಸಿನದು ಇರಲಿ, ಮುಂದಿನ ಗಾಲಿಗೆ 80 ಮಿಲೀ, ಹಿಂದಿನದಕ್ಕೆ 100.

ಈಗ ಹಿಂದಿನ ಗಾಲಿ ಬಿಚ್ಚುವುದು. ಅಂಗಡಿಯವರು ಹೆದರುವ ಜಾಗ ಇದೇ, ಹೆದರಿಕೆಯಲ್ಲಿ ಅರ್ಥವೂ ಇದೆ. ಸ್ವಿಚ್ ಆಫ್ ಮಾಡಿ ಬ್ಯಾಟರಿ ತೆಗೆದಿಡಿ. ಚೈನಿನ ಪಕ್ಕದ ಪೈಪಿನ ಮೇಲೆ ಮೋಟರ್ ವೈರಿನ ದುಂಡನೆಯ ಕನೆಕ್ಟರ್ ಇರುತ್ತದೆ. ಎರಡೂ ಕಡೆ ಹಿಡಿದು ನೇರ ಎಳೆಯಿರಿ, ತಿರುಚಿದರೆ ಒಳಗಿನ ಪಿನ್ ಬಗ್ಗುತ್ತವೆ. ನಟ್ ಬಿಚ್ಚಲು ಹೆಚ್ಚಾಗಿ 18ರ ಪಾನಾ ಸಾಕು. ವಾಷರ್‌ಗಳು ಯಾವ ಸಾಲಿನಲ್ಲಿದ್ದವು ಎಂದು ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ಹಿಡಿದಿಡಿ. ಅದರಲ್ಲೊಂದಕ್ಕೆ ಹಲ್ಲು ಇರುತ್ತದೆ. ಮರಳಿ ಹಾಕುವಾಗ ಆ ಹಲ್ಲು ಫ್ರೇಮಿನ ಸೀಳಿನೊಳಗೆ ಕೂರಬೇಕು, ಟಾರ್ಕ್ ಆರ್ಮ್ (ಅಚ್ಚು ತಿರುಗದಂತೆ ಫ್ರೇಮಿಗೆ ಹಿಡಿಯುವ ಪಟ್ಟಿ) ಇದ್ದರೆ ಅದೂ ಮರಳಿ ಬರಬೇಕು. ಇದು ತಪ್ಪಿದರೆ ಅಥವಾ ನಟ್ ಸಡಿಲ ಉಳಿದರೆ ಥ್ರಾಟಲ್ ಕೊಟ್ಟಾಗ ಅಚ್ಚೇ ತಿರುಗಿ ವೈರ್ ಹರಿಯುತ್ತದೆ. ಮೋಟರೂ ಹೋಗಬಹುದು, ಕಂಟ್ರೋಲರೂ ಹೋಗಬಹುದು. ಬಿಗಿ 35ರಿಂದ 40 ನ್ಯೂಟನ್ ಮೀಟರ್. ವೈರ್ ಅಚ್ಚಿನಿಂದ ಹೊರಬರುವ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮಳೆನೀರು ಮೋಟರಿಗೆ ಇಳಿಯುತ್ತದೆ.

ಟೇಪ್ ಸುತ್ತುವ ಮುಂಚೆ ಕಡ್ಡಿಗಳ ಬಿಗಿ ನೋಡಿ, ಬೆಂಡ್ ತೆಗೆಸಿ. ಆಮೇಲೆ ಒಂದು ನಿಪ್ಪಲ್ ಬದಲಿಸಬೇಕೆಂದರೂ ಟೈರು, ಸೀಲೆಂಟು, ಟೇಪು ಎಲ್ಲ ಬಿಚ್ಚಬೇಕಾಗುತ್ತದೆ, ಮೋಟರ್ ಗಾಲಿಯಲ್ಲಿ ಕಡ್ಡಿ ಮುರಿಯುವುದು ಅಪರೂಪವೂ ಅಲ್ಲ. ರಿಮ್ಮಿನ ಒಳಮೈ ಸ್ಪಿರಿಟ್ ಹಚ್ಚಿ ಒರೆಸಿ ಪೂರ್ತಿ ಒಣಗಿಸಿ. ಬಳ್ಳಾರಿ ಕಡೆ ಅದಿರಿನ ಕೆಂಪು ದೂಳು ಎಣ್ಣೆ ಜಿಡ್ಡಿನ ಜತೆ ಕೂತಿದ್ದರೆ ಒಂದು ಸಲ ಒರೆಸಿದರೆ ಹೋಗದು. ಟೇಪನ್ನು ಚೆನ್ನಾಗಿ ಎಳೆದು ಹಿಡಿದು ಸುತ್ತಿ, ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ತೀಡಿ. ಗುಳ್ಳೆ ಉಳಿಯಬಾರದು.

ಒಂದು ರಾತ್ರಿ ಹಳೇ ಟ್ಯೂಬನ್ನೇ ಒಳಗಿಟ್ಟು ಹೊಸ ಟೈರ್ ಹಾಕಿ ಗಾಳಿ ತುಂಬಿಡಿ. ಟೇಪ್ ಒತ್ತಿ ಕೂರುತ್ತದೆ, ಬೀಡೂ ತನ್ನ ಜಾಗ ಹಿಡಿಯುತ್ತದೆ. ಬೆಳಿಗ್ಗೆ ಒಂದೇ ಬದಿಯ ಬೀಡ್ ಎಬ್ಬಿಸಿ ಟ್ಯೂಬ್ ತೆಗೆಯಿರಿ. ಟ್ಯೂಬಿನ ವಾಲ್ವ್ ಹೋಗಲು ಟೇಪಿನಲ್ಲಿ ಮಾಡಿದ ಸಣ್ಣ ತೂತಿಗೇ ಹೊಸ ವಾಲ್ವ್ ಇಡಿ. ಅದರ ನಟ್ ಕೈಯಲ್ಲಷ್ಟೇ ಬಿಗಿ ಮಾಡಿ, ಪಕ್ಕಡ್ ಹಾಕಬೇಡಿ. ಬೀಡಿಗೆ ಸೋಪಿನ ನೀರು ಸವರಿ, ವಾಲ್ವ್ ಪಿನ್ ಬಿಚ್ಚಿ, ಕಂಪ್ರೆಸರಿನಿಂದ ಗಾಳಿ ಕೊಡಿ. ಪಟ್ ಪಟ್ ಎಂದು ಎರಡೂ ಬದಿ ಕೂರುವ ಸದ್ದು ಬರುತ್ತದೆ. ಟೈರ್ ಮೇಲೊಂದು, ರಿಮ್ ಮೇಲೊಂದು ಗರಿಷ್ಠ ಒತ್ತಡ ಬರೆದಿರುತ್ತದೆ. ಎರಡರಲ್ಲಿ ಕಡಿಮೆ ಯಾವುದೋ ಅದನ್ನು ದಾಟಬೇಡಿ.

ಕೂತ ಮೇಲೆ ಗಾಳಿ ಬಿಟ್ಟು, ವಾಲ್ವ್ ಗಡಿಯಾರದ 4ರ ಜಾಗಕ್ಕೆ ಬರುವಂತೆ ಗಾಲಿ ತಿರುಗಿಸಿ, ಸಿರಿಂಜಿನಿಂದ ಸೀಲೆಂಟ್ ಬಿಡಿ. ಬಾಟಲಿ ಮೊದಲು ಚೆನ್ನಾಗಿ ಅಲುಗಾಡಿಸಿ, ರಂಧ್ರ ಮುಚ್ಚುವ ಕಣಗಳು ತಳದಲ್ಲಿ ಕೂತಿರುತ್ತವೆ. ಪಿನ್ ಹಾಕಿ ಗಾಳಿ ತುಂಬಿ ಗಾಲಿ ತಿರುಗಿಸಿ, ಒಂದೊಂದು ಬದಿಗೆ ಹತ್ತು ನಿಮಿಷ ಬಕೆಟ್ ಮೇಲೆ ಅಡ್ಡ ಮಲಗಿಸಿ. ಡಿಸ್ಕಿಗೆ ಮೊದಲೇ ಪ್ಲಾಸ್ಟಿಕ್ ಸುತ್ತಿರಬೇಕು. ಪ್ಯಾಡಿಗೆ ಸೀಲೆಂಟ್ ಸಿಡಿದರೆ ಬ್ರೇಕ್ ಹಿಡಿಯುವುದಿಲ್ಲ. ನಿಮ್ಮ ತೂಕಕ್ಕೆ ಹಿಂದೆ 34ರಿಂದ 36 ಪಿಎಸ್ಐ, ಮುಂದೆ 28ರಿಂದ 30 ಇಡಿ. ಮೋಟರ್ ಗಾಲಿ 30ಕ್ಕಿಂತ ಇಳಿಯಬಾರದು.

ಪ್ರಶ್ನೆ (ಕೊಪ್ಪಳ):
ಇದೇ ರೀತಿ ಮಾಡಿಸಿದ ಗಾಲಿ ಐತ್ರಿ. ರಾತ್ರಿ 35 ಇಟ್ರ ಬೆಳಿಗ್ಗೆ 15. ಎಲ್ಲಿ ಹೋಗ್ತದ ಗೊತ್ತಾಗವಲ್ದು.

ಉತ್ತರ (ಇ-ಸೈಕಲ್ ಮೆಕ್ಯಾನಿಕ್, ಬಳ್ಳಾರಿ):
ಮೊದಲ ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ, ಓಡಿಸಿದಂತೆ ಸೀಲೆಂಟ್ ಎಲ್ಲ ಕಡೆ ಹರಡಿ ನಿಲ್ಲುತ್ತದೆ. ಆಮೇಲೂ ಇಳಿದರೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಕಾಯಿಲೆ ಅಲ್ಲಿಯೇ ಇರಬೇಕೆಂದಿಲ್ಲ. ಕಡ್ಡಿಯ ಬುಡದಲ್ಲೋ ರಿಮ್ಮಿನ ಬೆಸುಗೆಯ ಜಾಗದಲ್ಲೋ ಎದ್ದರೆ ಟೇಪ್ ಎಲ್ಲೋ ಬಿಟ್ಟಿದೆ, ಗಾಳಿ ರಿಮ್ಮಿನ ಪೊಳ್ಳಿಗೆ ಹೋಗಿ ಬೇರೆ ಕಡೆ ಹೊರಬರುತ್ತಿದೆ. ಆ ಕಡ್ಡಿಗೆ ಫೆವಿಕ್ವಿಕ್ ಹಾಕಿ ಪ್ರಯೋಜನವಿಲ್ಲ, ಟೇಪ್ ಹೊಸದು ಸುತ್ತಬೇಕು. ವಾಲ್ವ್ ಬುಡದಲ್ಲಾದರೆ ಟೇಪಿನ ತೂತು ದೊಡ್ಡದಾಗಿದೆ, ಇಲ್ಲ ವಾಲ್ವಿನ ರಬ್ಬರ್ ರಿಮ್ಮಿನ ಆಕಾರಕ್ಕೆ ಹೊಂದಿಲ್ಲ. ಟೈರ್ ಅಂಚಿನಲ್ಲಾದರೆ ಗಾಳಿ ಬಿಟ್ಟು, ಸೋಪು ಸವರಿ ಬೀಡ್ ಮತ್ತೆ ಕೂರಿಸಿ. ಟೈರಿನ ಬದಿಯಲ್ಲಿ ಮೈಯೆಲ್ಲ ಸಣ್ಣ ಗುಳ್ಳೆ ಬಂದರೆ ಅದು ಟ್ಯೂಬ್‌ಲೆಸ್ ಟೈರೇ ಅಲ್ಲ. ಯಾವ ಟೈರ್ ಹಾಕಿದರು ಎಂದು ಒಮ್ಮೆ ಓದಿ ನೋಡಿ.

ಪ್ರಶ್ನೆ (ಸಿಂಧನೂರು):
ನಮ್ಮದು ಸಿಂಗಲ್ ವಾಲ್ ರಿಮ್ಮೇ ಐತಿ. ಟ್ಯೂಬಿನೊಳಗ ಸೀಲೆಂಟ್ ಹಾಕಿದ್ರ ಜಾಲಿ ಮುಳ್ಳಿಗೆ ತಡೀತದಾ?

ಉತ್ತರ (ಸೈಕಲ್ ಅಂಗಡಿ, ರಾಯಚೂರು):
ನೆಗ್ಗಿಲು ಮುಳ್ಳಿಗೆ ತಡೆಯುತ್ತದೆ, ಜಾಲಿಗೆ ಅರ್ಧಮರ್ಧ. ನೆಗ್ಗಿಲು ಗಿಡ್ಡ, ಟ್ಯೂಬಿನ ಹೊರಮೈಗೆ ಮಾತ್ರ ಚುಚ್ಚುತ್ತದೆ. ಗಾಲಿ ತಿರುಗುವಾಗ ಸೀಲೆಂಟ್ ಹೊರಗಡೆಗೇ ಎರಚಿ ನಿಂತಿರುವುದರಿಂದ ತೂತು ಮುಚ್ಚುತ್ತದೆ. ಬಳ್ಳಾರಿ ಜಾಲಿಯ ಉದ್ದ ಮುಳ್ಳು ಟ್ಯೂಬ್ ಹೊಕ್ಕು ರಿಮ್ ಕಡೆಯ ಮೈಯನ್ನೂ ಚುಚ್ಚಬಹುದು. ಆ ಒಳಗಿನ ತೂತಿಗೆ ಸೀಲೆಂಟ್ ತಲುಪುವುದೇ ಇಲ್ಲ. ಟ್ಯೂಬ್‌ಲೆಸ್ಸಿನಲ್ಲಿ ಈ ಎರಡನೇ ತೂತಿನ ರಗಳೆ ಇಲ್ಲ. ಇನ್ನೊಂದು ಲಾಭ: ಗಾಳಿ ಕಡಿಮೆ ಇದ್ದಾಗ ಮೋಟರಿನ ಎಳೆತಕ್ಕೆ ಟೈರ್ ರಿಮ್ ಮೇಲೆ ಜರುಗಿ ಟ್ಯೂಬಿನ ವಾಲ್ವ್ ಬುಡ ಹರಿಯುತ್ತದಲ್ಲ, ಅದೂ ತಪ್ಪುತ್ತದೆ.

ನಿಮಗೆ ಸದ್ಯಕ್ಕೆ: ಪಿನ್ ಬಿಚ್ಚಬರುವ ವಾಲ್ವಿನ ದಪ್ಪ ಟ್ಯೂಬ್, ಒಳಗೆ 80 ಮಿಲೀ ಸೀಲೆಂಟ್, ಟೈರಿಗೂ ಟ್ಯೂಬಿಗೂ ನಡುವೆ ಲೈನರ್ ಪಟ್ಟಿ. ಪಟ್ಟಿಯ ತುದಿ ಒರಟಾಗಿದ್ದರೆ ಅದೇ ಟ್ಯೂಬ್ ಕೊರೆಯುತ್ತದೆ, ಹಾಕುವ ಮುಂಚೆ ತುದಿ ದುಂಡಗೆ ಕತ್ತರಿಸಿ. ಪಂಚರ್ ಆದರೆ ಗಾಲಿ ಬಿಚ್ಚುವುದೇ ಬೇಡ. ಸೈಕಲ್ ಮಲಗಿಸಿ, ಚೈನ್ ಇಲ್ಲದ ಬದಿಯ ಬೀಡ್ ಮಾತ್ರ ಎಬ್ಬಿಸಿ, ತೂತು ಬಿದ್ದ ಜಾಗದ ಟ್ಯೂಬ್ ಒಂದು ಗೇಣು ಹೊರಗೆಳೆದು ಪ್ಯಾಚ್ ಹಚ್ಚಿ. ಇದನ್ನು ಅಂಗಡಿಯವರಿಗೆ ತೋರಿಸಿದರೆ ಅವರೂ ಒಲ್ಲೆ ಅನ್ನುವುದಿಲ್ಲ.

ಸಣ್ಣ ಗಾಲಿಯ ಟ್ಯೂಬ್ ಸೀಳಿ ರಿಮ್ ತುಂಬ ಹಾಸಿ ಟ್ಯೂಬ್‌ಲೆಸ್ ಮಾಡುವ ಉಪಾಯ ಕೆಲವರು ಹೇಳುತ್ತಾರೆ. ಡಬಲ್ ವಾಲ್ ರಿಮ್ಮಿನ ಮುಂದಿನ ಗಾಲಿಯಲ್ಲಾದರೆ ನಡೆದೀತು.

ಉತ್ತರ (ಇ-ಸೈಕಲ್ ಮೆಕ್ಯಾನಿಕ್, ಬಳ್ಳಾರಿ):
ಮುಂದಿನ ಗಾಲಿಗೂ ನಾನು ಒಪ್ಪೋದಿಲ್ಲ ಸರ್. ಹಿಂದಿನದು ಗಾಳಿ ಕಕ್ಕಿದರೆ ಸೈಕಲ್ ಎಳೆದಾಡುತ್ತದೆ, ಮುಂದಿನದು ಕಕ್ಕಿದರೆ ಸವಾರನೇ ನೆಲಕ್ಕೆ. ಸಾಧಾರಣ ಸೈಕಲ್ ಓಡಿಸುವವರು ಏನಾದರೂ ಮಾಡಿಕೊಳ್ಳಲಿ, 20 ಕೆಜಿ ದಾಟಿದ ಇ-ಸೈಕಲ್ಲಿಗೆ ಬೇಡ.

ಪ್ರಶ್ನೆ (ರಾಯಚೂರು):
ಎಲೆಕ್ಟ್ರಿಕ್ ಸ್ಕೂಟರಿಗೂ ಹಿಂಗೇ ಟೇಪ್ ಸುತ್ತಬೇಕಾ? ನಮ್ಮದು ಹಳೇದು, 10 ಇಂಚಿನ ಗಾಲಿ, ಒಳಗ ಟ್ಯೂಬ್ ಐತಿ.

ಉತ್ತರ (ಸೈಕಲ್ ಅಂಗಡಿ, ರಾಯಚೂರು):
ಟೇಪ್ ಬೇಡ. ಎರಡು ಹೋಳು ಬೋಲ್ಟ್ ಹಾಕಿ ಕೂಡಿಸಿದ ರಿಮ್ ಆದರೆ ಟ್ಯೂಬೇ ಗತಿ, ನಡುವಿನ ಸಂದಿನಲ್ಲಿ ಗಾಳಿ ನಿಲ್ಲುವುದಿಲ್ಲ. ಒಂದೇ ಎರಕದ ಅಲಾಯ್ ಆಗಿದ್ದು, ಬೀಡ್ ಕೂರುವ ಜಾಗ ಸವೆಯದೆ ನಯವಾಗಿದ್ದು, ವಾಲ್ವ್ ತೂತು 11.5 ಮಿಮೀ ಇದ್ದರೆ ಟಿಆರ್ 412 ರಬ್ಬರ್ ವಾಲ್ವ್ ಎಳೆದು ಕೂರಿಸಿ, ಟ್ಯೂಬ್‌ಲೆಸ್ ಎಂದು ಬದಿಯಲ್ಲಿ ಬರೆದ ಟೈರ್ ಹಾಕಿ. ಟ್ಯೂಬ್ ಟೈಪ್ ಎಂದು ಬರೆದಿದ್ದರೆ ಆ ಟೈರ್ ನಡೆಯದು. ಹಿಂದಿನ ಗಾಲಿಯಲ್ಲೇ ಮೋಟರ್ ಇದ್ದರೆ ಟೈರ್ ಬಿಚ್ಚುವ ಮಷೀನಿಗೆ ಕೂರಿಸಲು ನಡುವಿನ ತೂತು ಇರುವುದಿಲ್ಲ, ಅಚ್ಚು ಅಡ್ಡ ಬರುತ್ತದೆ. ಹಳೇ ಟೈರ್ ಮೇಲೆ ಮಲಗಿಸಿ ಲಿವರ್ ಹಾಕಿ ಕೈಯಲ್ಲೇ ಬಿಚ್ಚಬೇಕು, ವೈರಿನ ಬದಿ ಮೇಲಿರಲಿ.

ಪ್ರಶ್ನೆ (ತೋರಣಗಲ್ಲು):
ಬ್ಯಾಸಗಿಯೊಳಗ ನಮ್ಮ ಕಡೆ 40 ಡಿಗ್ರಿ ದಾಟ್ತದ. ಸೀಲೆಂಟ್ ಒಣಗಂಗಿಲ್ಲೇನು? ಗಾಳಿ ಹೆಚ್ಚಾಗಿ ಟೈರ್ ಒಡೀತದಾ?

ಉತ್ತರ (ಇ-ಸೈಕಲ್ ಮೆಕ್ಯಾನಿಕ್, ಬಳ್ಳಾರಿ):
ಒಡೆಯುವುದಿಲ್ಲ. ಬೆಳಗಿನ 25 ಡಿಗ್ರಿಯಲ್ಲಿ 40 ಪಿಎಸ್ಐ ತುಂಬಿದ್ದರೆ 45 ಡಿಗ್ರಿಗೆ ಅದು 44ರ ಹತ್ತಿರ ಹೋಗುತ್ತದೆ, ಅಷ್ಟೇ. ಬಿಸಿಲಲ್ಲಿ ಅಳೆದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಬೀಳುತ್ತದೆ, ಅದೇ ತಪ್ಪು. ತಂಪು ಹೊತ್ತಿನಲ್ಲಿ ಅಳೆಯಿರಿ.

ಸೀಲೆಂಟ್ ಮಾತ್ರ ಒಣಗುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ಆರು ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ವಾಲ್ವ್ ಕೆಳಗೆ ಬರುವಂತೆ ಕೆಲವು ನಿಮಿಷ ನಿಲ್ಲಿಸಿ, ಅದನ್ನು 4ರ ಜಾಗಕ್ಕೆ ತಂದು ಗಾಳಿ ಬಿಟ್ಟು ಪಿನ್ ಬಿಚ್ಚಿ, ವಾಲ್ವ್ ಮತ್ತೆ ಕೆಳಗೆ ತಂದು ತೆಳು ಕೇಬಲ್ ಟೈ ಇಳಿಸಿ. ತುದಿ ಒದ್ದೆಯಾಗದಿದ್ದರೆ 40 ಮಿಲೀ ಸೇರಿಸಿ. ಪಂಪ್ ಹೊಡೆದರೂ ಗಾಳಿ ಹೋಗದಿದ್ದರೆ ಪಿನ್ನಿನಲ್ಲಿ ಸೀಲೆಂಟ್ ಗಟ್ಟಿಯಾಗಿದೆ, ಪಿನ್ ಬದಲಿಸಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಗಾಳಿ ತುಂಬಬೇಡಿ, ಲೇಟೆಕ್ಸ್ ಒಡೆದು ಉಂಡೆಯಾಗುತ್ತದೆ. ದಾರಿಯಲ್ಲಿ ಮುಳ್ಳು ಕಿತ್ತರೆ ತೂತು ಕೆಳಗೆ ಬರುವಂತೆ ಗಾಲಿ ನಿಲ್ಲಿಸಿ, ಒಂದು ನಿಮಿಷದಲ್ಲಿ ಕಟ್ಟುತ್ತದೆ. 3 ಮಿಮೀ ಮೀರಿದ ತೂತಿಗೆ ಹೊರಗಿನಿಂದ ತುರುಕುವ ರಬ್ಬರ್ ಸ್ಟ್ರಿಪ್ ಬೇಕು. ಟೈರಿನ ಬದಿ ಸೀಳಿದರೆ ಸ್ಟ್ರಿಪ್ಪೂ ನಿಲ್ಲದು, ಚೀಲದಲ್ಲಿ ಒಂದು ಟ್ಯೂಬ್ ಇಟ್ಟುಕೊಂಡಿರಿ. ಅದನ್ನು ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಹಿಡಿದು ಸುತ್ತ ಆಡಿಸಿ. ಸೀಲೆಂಟ್ ತಡೆದುಕೊಂಡಿದ್ದ ಹಳೇ ಮುಳ್ಳಿನ ತುದಿಗಳೆಲ್ಲ ಅಲ್ಲಿಯೇ ಚುಚ್ಚಿಕೊಂಡಿರುತ್ತವೆ.