ಚಿಕೋರಿ ಬಿಟ್ಟು ಬೇರೆ ಸೀಮೆಯ ಕಾಫಿ ಕುಡಿದು ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಮೈಸೂರಿನ ಗೃಹಿಣಿ:

ನಮ್ಮನೆಯಲ್ಲಿ ಮೂವತ್ತು ವರ್ಷದಿಂದ ಒಂದೇ ಅಂಗಡಿಯ ಪುಡಿ. 70ಕ್ಕೆ 30 ಚಿಕೋರಿ, ಹಿತ್ತಾಳೆ ಫಿಲ್ಟರು, ಗಟ್ಟಿ ಹಾಲು. ಹೋದ ತಿಂಗಳು ಜರ್ಮನಿಯಿಂದ ಬಂದ ತಂಗಿ ಮಗ ಇಥಿಯೋಪಿಯಾದ ಯಿರ್ಗಚೆಫೆ ಅಂತ ಕಾಲು ಕೆಜಿ ಹುರಿದ ಬೀಜ ಕೊಟ್ಟ. ಮಿಕ್ಸಿಯಲ್ಲಿ ಪುಡಿ ಮಾಡಿ, ಫಿಲ್ಟರಿಗೆ ಹಾಕಿ, ಹಾಲು ಬೆರೆಸಿದೆ. ಅಯ್ಯೋ ಹುಳಿ! ಯಜಮಾನರು ಒಂದೇ ಗುಟುಕಿಗೆ ಲೋಟ ಕೆಳಗಿಟ್ಟರು. ಆದರೆ ಪೊಟ್ಟಣ ಬಿಚ್ಚಿದಾಗ ಬಂದ ಘಮ ಇನ್ನೂ ಮೂಗಿನಲ್ಲೇ ಇದೆ. ಆ ಘಮ ಲೋಟಕ್ಕೆ ಬರುವ ಹಾಗೆ ಮಾಡುವುದು ಹೇಗೆ? ಬೇರೆ ಬೇರೆ ಸೀಮೆಯ ಕಾಫಿ ಕುಡಿದವರು ನಿಮ್ಮ ಅನುಭವ ಹೇಳಿ. ಎರಡು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಹಾಲು ಪೂರ್ತಿ ಬಿಡುವುದಂತೂ ಸಾಧ್ಯವಿಲ್ಲ.

ಬೆಂಗಳೂರಿನಿಂದ ಒಬ್ಬರು:

ಮೇಡಂ, ಬೀಜದ ತಪ್ಪಲ್ಲ, ಮಿಕ್ಸಿಯದು. ಮಿಕ್ಸಿಯಲ್ಲಿ ಅರ್ಧ ಹಿಟ್ಟಾಗುತ್ತದೆ, ಅರ್ಧ ನುಚ್ಚಾಗಿಯೇ ಉಳಿಯುತ್ತದೆ. ಹಿಟ್ಟು ಕಹಿ ಬಿಡುತ್ತದೆ, ನುಚ್ಚು ಹುಳಿ ಬಿಡುತ್ತದೆ. ಸದ್ಯಕ್ಕೆ ಗ್ರೈಂಡರ್ ಕೊಳ್ಳಬೇಡಿ. ಒಂದು ಸಾದಾ ಫ್ರೆಂಚ್ ಪ್ರೆಸ್ (ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಜಾಲರಿ ಒತ್ತಿ ಸೋಸುವ ಪಾತ್ರೆ) ತಗೊಳ್ಳಿ, ಹುರಿಯುವವರ ಹತ್ತಿರವೇ ಅದಕ್ಕೆ ತಕ್ಕ ಹಾಗೆ ತರಿತರಿಯಾಗಿ ಪುಡಿ ಮಾಡಿಸಿ. 15 ಗ್ರಾಂ ಪುಡಿಗೆ 250 ಮಿಲಿ ನೀರು. ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿ, ನಾಲ್ಕು ನಿಮಿಷ ಕಾದು ಬಗ್ಗಿಸಿಕೊಳ್ಳಿ. ಪೊಟ್ಟಣದ ಮೇಲೆ ಹುರಿದ ದಿನಾಂಕ ಇಲ್ಲದಿದ್ದರೆ ಮುಟ್ಟಲೇಬೇಡಿ.

ನಾನು ಮೊದಲ ವರ್ಷ ಮಾಡಿದ ದಡ್ಡತನ ಕೇಳಿ. ಕೊಲಂಬಿಯಾ, ಬ್ರೆಜಿಲ್, ಗ್ವಾಟೆಮಾಲಾ ಅಂತ ದೇಶ ಎಣಿಸಿಕೊಂಡು ಕೊಂಡೆ, ಎಲ್ಲವೂ ಕರ್ರಗೆ ಹುರಿದದ್ದು. ಮೂರೂ ಇದ್ದಿಲಿನ ಹಾಗೇ ಇದ್ದವು. ಅಷ್ಟು ಹುರಿದ ಮೇಲೆ ಊರಿನ ಗುರುತು ಉಳಿಯುವುದು ಕಷ್ಟ. ಇನ್ನೊಂದು ಮಾತು: ಒಂದೊಂದೇ ಕುಡಿದರೆ ಏನೂ ತಿಳಿಯುವುದಿಲ್ಲ. ಎರಡು ಕಾಫಿ, ಒಂದೇ ಅಳತೆ, ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಡಿಯಿರಿ. ಬಿಸಿ ಇದ್ದಾಗ ಒಂದು ಗುಟುಕು, ಉಗುರುಬೆಚ್ಚಗಾದ ಮೇಲೆ ಇನ್ನೊಂದು. ಆರಿದ ಕಾಫಿ ಸುಳ್ಳು ಹೇಳುವುದಿಲ್ಲ.

ಮೂಡಿಗೆರೆ ಕಡೆಯ ಬೆಳೆಗಾರ:

ಅಕ್ಕ, ಊರಿಗಿಂತ ಮೊದಲು ಸಂಸ್ಕರಣೆ ನೋಡಿ. ನಮ್ಮಲ್ಲಿ ಎಪಿ, ಎಸಿ ಅಂತೀವಿ. ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಕೊಟ್ಟು, ಲೋಳೆ ತೊಳೆದು ಒಣಗಿಸಿದರೆ ಅರೇಬಿಕಾ ಪಾರ್ಚ್‌ಮೆಂಟು. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅರೇಬಿಕಾ ಚೆರಿ. ಅಪ್ಪನ ಕಾಲದಲ್ಲಿ ಚೆರಿ ಅಂದರೆ ಅಗ್ಗದ ಮಾಲು, ಉದುರಿದ್ದು, ಒಣಗಿದ್ದು ಎಲ್ಲಾ ಅದಕ್ಕೇ ಹೋಗುತ್ತಿತ್ತು. ಈಗ ಕೆಂಪು ಹಣ್ಣನ್ನೇ ಆರಿಸಿ, ನೆಲಕ್ಕೆ ತಾಗದ ಹಾಗೆ ಜಾಲರಿ ಮೇಲೆ ಒಣಗಿಸಿ 'ನ್ಯಾಚುರಲ್' ಅಂತ ಹೆಸರಿಟ್ಟರೆ ಪಾರ್ಚ್‌ಮೆಂಟಿಗಿಂತ ಹೆಚ್ಚು ಬೆಲೆ ಕೊಡುವವರಿದ್ದಾರೆ! ಒಂದೇ ತೋಟದ ಇವೆರಡನ್ನೂ ತಂದು ಕುಡಿಯಿರಿ. ತೊಳೆದದ್ದು ಸ್ವಚ್ಛ, ನ್ಯಾಚುರಲ್ ಹಣ್ಣುಹಣ್ಣು. ಪೊಟ್ಟಣದಲ್ಲಿ ಸ್ಟ್ರಾಬೆರಿ ಅಂತ ಬರೆದಿರುತ್ತಾರೆ, ನನಗೆ ಮಾತ್ರ ಕಳಿತ ಹಲಸಿನ ಹಣ್ಣು.

ಆಮೇಲೆ ತಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್. 795 ನಮ್ಮ ತೋಟಗಳಲ್ಲಿ ಹೆಚ್ಚು, ಹದವಾದ ಕಾಫಿ. ಸೆಲೆಕ್ಷನ್ 9 ಅಂತ ಇನ್ನೊಂದಿದೆ, ಇಥಿಯೋಪಿಯಾ ಮೂಲದ ತಫಾರಿಕೆಲಾ ಮತ್ತು ಟಿಮೋರ್ ಹೈಬ್ರಿಡ್ ಅನ್ನುವ ಎರಡು ತಳಿ ಸೇರಿಸಿ ಮಾಡಿದ್ದು. ನಿಮ್ಮ ಯಿರ್ಗಚೆಫೆಯ ದೂರದ ನೆಂಟ ಅನ್ನಿ. ಅದರಿಂದಲೇ ಶುರು ಮಾಡಿ. ಕಾಫಿ ಮಾರುವವರು ಯಿರ್ಗಚೆಫೆಯಲ್ಲಿ ಮಲ್ಲಿಗೆ ಘಮ ಅಂತಾರಲ್ಲ, ಅದು ಕವಿತೆಯಲ್ಲ. ಹೂಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ನಮ್ಮ ತೋಟಕ್ಕೆ ಬನ್ನಿ, ಕಾಫಿ ಹೂವಿಗೇ ಆ ಪರಿಮಳ.

2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಅರಕು ಕಣಿವೆಯ ಅರೇಬಿಕಾಗಳಿಗೂ ವಯನಾಡು ರೋಬಸ್ಟಾಕ್ಕೂ ಜಿಐ, ಅಂದರೆ ಆ ಸೀಮೆಯದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಇವಿಷ್ಟು ಕುಡಿದು ಮುಗಿಸುವಷ್ಟರಲ್ಲಿ ನಿಮ್ಮ ನಾಲಿಗೆ ಹದಕ್ಕೆ ಬಂದಿರುತ್ತದೆ.

ಮಂಗಳೂರಿನಿಂದ:

ಹಾಲು ಬಿಡುವುದಿಲ್ಲ ಅಂದಿರಲ್ಲ, ಹಾಗಾದರೆ ಮಾನ್ಸೂನ್ಡ್ ಮಲಬಾರ್. ಹಿಂದೆ ಹಾಯಿಹಡಗಿನಲ್ಲಿ ಯುರೋಪಿಗೆ ಹೋಗುವಾಗ ತಿಂಗಳುಗಟ್ಟಲೆ ಕಡಲಗಾಳಿ ಕುಡಿದು ಬೀಜ ಬಣ್ಣಗೆಡುತ್ತಿತ್ತು, ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. ಈಗ ಅದನ್ನೇ ಬೇಕೆಂದು ಮಾಡುತ್ತಾರೆ. ಮಳೆಗಾಲದಲ್ಲಿ ಕರಾವಳಿಯ ಗೋದಾಮಿನಲ್ಲಿ ಬೀಜ ಹರಡಿ ಗಾಳಿಗೆ ಬಿಡುತ್ತಾರೆ. ಬೀಜ ಉಬ್ಬಿ ತೆಳು ಹಳದಿಯಾಗುತ್ತದೆ, ಹುಳಿ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಹಿತ್ತಾಳೆ ಫಿಲ್ಟರಿಗೂ ಒಗ್ಗುತ್ತದೆ, ಹಾಲಿಗೂ ಒಗ್ಗುತ್ತದೆ. ಸುಮಾತ್ರಾದ್ದು ಸಿಕ್ಕರೆ ಅದೂ ಹಾಲಿಗೆ ಆದೀತು. ಅಲ್ಲಿ ಬೀಜ ಪೂರ್ತಿ ಒಣಗುವ ಮೊದಲೇ, ಇನ್ನೂ ಹಸಿ ಇರುವಾಗ ಸಿಪ್ಪೆ ಬಿಡಿಸುತ್ತಾರೆ. ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆ ಅದಕ್ಕೆ. ಕೆಲವರಿಗೆ ಆಗುವುದಿಲ್ಲ, ನನಗೆ ಪ್ರಾಣ.

ಅಡಿಸ್ ಅಬಾಬಾದಲ್ಲಿ ಮೂರು ವರ್ಷ ಪಾಠ ಹೇಳಿದ ನಿವೃತ್ತ ಮೇಷ್ಟರು:

ಹಾಲು, ಸಕ್ಕರೆ ಅಂತ ನಾಚಿಕೊಳ್ಳುವುದೇಕಮ್ಮ? ಕಾಫಿಯ ತವರಾದ ಇಥಿಯೋಪಿಯಾದಲ್ಲಿ ಹೇಗೆ ಕುಡಿಯುತ್ತಾರೆ ಕೇಳಿ. ಮನೆಗೆ ಹೋದರೆ ಹಸಿ ಬೀಜ ತೊಳೆದು ನಮ್ಮ ಕಣ್ಣೆದುರೇ ಬಾಣಲೆಯಲ್ಲಿ ಹುರಿಯುತ್ತಿದ್ದರು. ಹೊಗೆ ಏಳುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ತರುತ್ತಾರೆ, ನಾವು ಆರತಿ ತಗೊಂಡ ಹಾಗೆ ಕೈಯಿಂದ ಹೊಗೆ ಎಳೆದುಕೊಳ್ಳಬೇಕು. ಪಕ್ಕದಲ್ಲಿ ಧೂಪ. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಸುರಿಯುತ್ತಾರೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಮೂರು ಸುತ್ತು: ಅಬೋಲ್, ತೋನಾ, ಬರಕಾ. ಮೂರನೆಯದು ಆಶೀರ್ವಾದ, ಅದಕ್ಕೆ ಮೊದಲೇ ಎದ್ದು ಹೊರಟರೆ ಬೇಸರ ಮಾಡಿಕೊಳ್ಳುತ್ತಾರೆ. ಜತೆಗೆ ಅರಳಿದ ಜೋಳ. ನಾನು ಕಂಡ ಮನೆಗಳಲ್ಲಿ ಬೀಜ ಕಪ್ಪಾಗುವವರೆಗೂ ಹುರಿಯುತ್ತಿದ್ದರು, ಸಕ್ಕರೆಯನ್ನು ಧಾರಾಳವಾಗಿ ಸುರಿಯುತ್ತಿದ್ದರು. ಕೆಲವು ಸೀಮೆಯಲ್ಲಿ ಉಪ್ಪು, ಬೆಣ್ಣೆಯೂ ಉಂಟು. ತಿಳಿಯಾಗಿ ಹುರಿದು ಕಪ್ಪಗೆ ಕುಡಿಯುವುದೊಂದೇ ಶುದ್ಧ ಸಂಪ್ರದಾಯ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ನೈರೋಬಿಯಲ್ಲಿರುವ ಕನ್ನಡಿಗ:

ಕೀನ್ಯಾ ಕಾಫಿ ಕೊಳ್ಳುವಾಗ 'ಎಎ' ನೋಡಿ ಮಾರುಹೋಗಬೇಡಿ, ಅದು ಬೀಜದ ಗಾತ್ರದ ಗುರುತು, ರುಚಿಯದಲ್ಲ. ಎಸ್ಎಲ್ 28 ತಳಿ, ನ್ಯೇರಿ ಸೀಮೆ ಅಂತ ಇದ್ದರೆ ತಗೊಳ್ಳಿ. ಪೊಟ್ಟಣದಲ್ಲಿ ಬ್ಲ್ಯಾಕ್‌ಕರಂಟ್ ಅಂತ ಬರೆಯುತ್ತಾರೆ. ನಾನು ಆ ಹಣ್ಣು ತಿಂದೇ ಇರಲಿಲ್ಲ, ಎರಡು ವರ್ಷ ಸುಮ್ಮನೆ ತಲೆಯಾಡಿಸಿದೆ. ಶಿರಸಿಯ ಅಜ್ಜಿಗೆ ಕುಡಿಸಿದಾಗ ಅವರೇ ಹೇಳಿಕೊಟ್ಟರು: "ಇದು ಮುರುಗಲ ಹುಳಿ ಅಲ್ದಾ?" ನಮ್ಮಲ್ಲಿ ನಿಂಬೆ, ಹುಣಸೆ, ಅಮಟೆ, ವಾಟೆ ಅಂತ ಎಷ್ಟೊಂದು ಹುಳಿ ಇವೆ! ಪೊಟ್ಟಣದ ಮಾತು ಬಿಟ್ಟು ಅವುಗಳಲ್ಲಿ ಯಾವುದು ಅಂತ ಹುಡುಕಿ.

ಮಡಿಕೇರಿಯಿಂದ:

ಪುನುಗು ಬೆಕ್ಕು ಹಣ್ಣು ತಿಂದು ಹೊರಹಾಕಿದ ಬೀಜದ ಕಾಫಿ ಅಂತ ದುಡ್ಡು ಹಾಕಲು ಹೋಗಬೇಡಿ. ಬೆಕ್ಕನ್ನು ಪಂಜರದಲ್ಲಿಟ್ಟು ಹಣ್ಣು ತಿನ್ನಿಸುವವರಿದ್ದಾರೆ. ಪನಾಮಾದ ಗೇಶಾ ತಳಿಯ ಕಾಫಿ ಕೂಡ ಈಗಲೇ ಬೇಡ. 2004ರಲ್ಲಿ ಎಸ್ಮೆರಾಲ್ಡಾ ತೋಟದವರು ಅದನ್ನು ಸ್ಪರ್ಧೆಗೆ ಇಟ್ಟಾಗಿನಿಂದ ಅದರ ಬೆಲೆ ಆಕಾಶದಲ್ಲಿದೆ. ಅದೂ ಮೂಲತಃ ಇಥಿಯೋಪಿಯಾ ಕಾಡಿನದೇ.

ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ನಮಸ್ಕಾರ. ಪ್ರೆಸ್ ಬಂತು. ಸೆಲೆಕ್ಷನ್ 9, ಒಂದೇ ತೋಟದ ತೊಳೆದದ್ದು ಮತ್ತು ನ್ಯಾಚುರಲ್, ಜತೆಗೆ ಮಾನ್ಸೂನ್ಡ್ ತರಿಸಿದೆ. ದುಡ್ಡು ಸ್ವಲ್ಪ ಮೀರಿತು. ಹಲಸಿನ ಹಣ್ಣು ನಿಜ! ತೊಳೆದದ್ದರಲ್ಲಿ ನನಗೆ ಮಲ್ಲಿಗೆ ಸಿಗಲಿಲ್ಲ, ಹೇರಳೆಕಾಯಿ ಸಿಪ್ಪೆ ಸಿಕ್ಕಿತು, ಅದೂ ಪೂರ್ತಿ ಆರಿದ ಮೇಲೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಮಾನ್ಸೂನ್ಡ್‌ಗೆ ಹಾಲು ಹಾಕಿ, ಏನೂ ಹೇಳದೆ ಯಜಮಾನರ ಮುಂದಿಟ್ಟೆ. ಪೇಪರಿನಿಂದ ತಲೆ ಎತ್ತದೆ ಕುಡಿದು ಮುಗಿಸಿ, "ಇವತ್ತು ಪುಡಿ ಸ್ವಲ್ಪ ಜಾಸ್ತಿ ಹಾಕಿದ್ದೀಯಾ?" ಅಂದರು. ಯಿರ್ಗಚೆಫೆ ಇನ್ನೂ ಅರ್ಧ ಪೊಟ್ಟಣ ಉಳಿದಿದೆ. ನಾಳೆ ಹಾಲಿಲ್ಲದೆ.