ಬಿರುಗಾಳಿಗೆ ಮುರಿದ ಮರ ಕಡಿಸುವ ಮೊದಲು ಏನು ನೋಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು:
ಮೊನ್ನೆ ರಾತ್ರಿಯ ಬಿರುಗಾಳಿಗೆ ನಮ್ಮ ಹಿತ್ತಲಿನ ಮೂರು ಮರಗಳಿಗೆ ಪೆಟ್ಟು ಬಿದ್ದಿದೆ. ಒಂದು ಬೇರುಸಮೇತ ಕಿತ್ತು ಪಕ್ಕದ ಮರಕ್ಕೆ ಒರಗಿಕೊಂಡಿದೆ. ಇನ್ನೊಂದರ ದೊಡ್ಡ ಕೊಂಬೆ ಅರ್ಧ ಮುರಿದು ಮೇಲೆಯೇ ನೇತಾಡುತ್ತಿದೆ. ಮೂರನೆಯದು ಎಳೆಯದು, ಪೂರ್ತಿ ವಾಲಿದೆ. ಬೆಳಿಗ್ಗೆ ಇಬ್ಬರು ಗರಗಸ ಹಿಡಿದು ಗೇಟಿಗೇ ಬಂದರು. "ಇವತ್ತೇ ಕಡಿಸಿ, ಇಲ್ಲಾಂದ್ರೆ ಮನೆ ಮೇಲೆ ಬೀಳುತ್ತೆ. ಉಳಿದ ಮರಗಳ ತಲೆಯನ್ನೂ ಸವರಿಬಿಡೋಣ. ದುಡ್ಡು ಮೊದಲೇ ಕೊಡಿ" ಅಂದರು. ನನ್ನ ಮೈದುನ "ಅವರ್ಯಾಕೆ? ಚೈನ್ ಸಾ ಬಾಡಿಗೆಗೆ ತಂದು ನಾನೇ ಕತ್ತರಿಸ್ತೀನಿ" ಅನ್ನುತ್ತಿದ್ದಾನೆ. ಯಾರ ಮಾತು ಕೇಳಲಿ?

ಮರದ ಕೆಲಸ ಮಾಡುವವನು:
ಅಕ್ಕಾ, ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಂತ ಮರ ಕಡಿದು ಕೈ ಪಳಗಿದವರಿಗೂ ಗಾಳಿಗೆ ಬಿದ್ದ ಮರದ ಲೆಕ್ಕ ಬೇರೆ. ನಿಂತ ಮರದ ಭಾರ ಯಾವ ಕಡೆ ಅಂತ ಹೆಚ್ಚುಕಮ್ಮಿ ಕಣ್ಣಿಗೆ ಕಾಣುತ್ತದೆ. ಬಿದ್ದ ಮರ ಹಾಗಲ್ಲ. ಎಲ್ಲೋ ಊರಿಕೊಂಡು, ಎಲ್ಲೋ ಸಿಕ್ಕಿಕೊಂಡು, ಎಳೆದು ಹಿಡಿದ ಬಿಲ್ಲಿನ ಹಾಗೆ ಬಿಗಿದಿರುತ್ತದೆ. ಗರಗಸ ಇಟ್ಟ ಕೂಡಲೇ ಆ ಬಿಗಿ ಯಾವ ಕಡೆಗೋ ಬಿಡುತ್ತದೆ.

ಮೈದುನನಿಗೆ ಇದನ್ನು ಓದಿಸಿ. ಒಂದು ದಿಮ್ಮಿಯ ಎರಡೂ ತುದಿ ಊರಿಕೊಂಡಿದೆ, ನಡುವೆ ಕೆಳಗೆ ಏನೂ ಇಲ್ಲ ಅಂದುಕೊಳ್ಳಿ. ಆಗ ಅದರ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಎಳೆದುಕೊಂಡಿರುತ್ತದೆ. ಮೇಲಿನಿಂದಲೇ ಕೊನೆತನಕ ಕತ್ತರಿಸಲು ಹೋದರೆ ಕತ್ತರಿಸಿದ ಸಂದಿನ ಬಾಯಿ ಮುಚ್ಚಿಕೊಂಡು ಗರಗಸ ಸಿಕ್ಕಿಬೀಳುತ್ತದೆ. ಅದಕ್ಕೇ ಮೇಲಿನಿಂದ ಹೆಚ್ಚೆಂದರೆ ಮೂರನೇ ಒಂದು ಪಾಲು, ಉಳಿದದ್ದು ಕೆಳಗಿನಿಂದ. ಒಂದೇ ತುದಿ ಊರಿದ್ದು ಇನ್ನೊಂದು ತೂಗುತ್ತಿದ್ದರೆ ಎಲ್ಲ ಉಲ್ಟಾ. ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಇದು ತಪ್ಪಿದರೆ ದಿಮ್ಮಿ ಉದ್ದಕ್ಕೆ ಸೀಳಿಕೊಂಡು ಬರಬಹುದು. ಕತ್ತರಿಸುವಾಗ ನಾವು ನೋಡುವುದು ಹಾರುವ ಹೊಟ್ಟನ್ನಲ್ಲ, ಗರಗಸ ಮಾಡಿದ ಆ ಸಂದನ್ನು. ಅದು ಕೂದಲೆಳೆಯಷ್ಟು ಅಗಲವಾಗುತ್ತಿದೆಯೋ, ಕಿರಿದಾಗುತ್ತಿದೆಯೋ ಅನ್ನುವುದರ ಮೇಲೆ ಮುಂದಿನ ಕೆಲಸ. ಚಟ್ ಅಂತ ಸಣ್ಣ ಸದ್ದು ಬಂದರೂ ಕೈ ನಿಲ್ಲಬೇಕು. ಇನ್ನು ಪಕ್ಕಕ್ಕೆ ಬಗ್ಗಿದ ಕಾಂಡವಾದರೆ ಬಗ್ಗಿದ ಹೊರಮೈ ಕಡೆ ನಿಲ್ಲಲೇಬಾರದು. ಇಳಿಜಾರಿನಲ್ಲಿ ದಿಮ್ಮಿಯ ಕೆಳಗಡೆ ನಿಲ್ಲಬಾರದು.

ಜನ ದೊಡ್ಡ ದಿಮ್ಮಿಗೆ ಹೆದರುತ್ತಾರೆ. ಅದರ ಅಡಿಗೆ ಸಿಕ್ಕಿ ಕಮಾನಾಗಿ ಬಗ್ಗಿದ ತೋಳುಗಾತ್ರದ ಎಳೆಮರವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ದಾರಿಗೆ ಅಡ್ಡ ಅಂತ ಒಂದೇ ಏಟಿಗೆ ಕತ್ತರಿಸಿದರೆ ಅದು ಬಂದು ದವಡೆಗೆ ಬಡಿಯುತ್ತದೆ. ಅಂಥದ್ದು ಕಂಡರೆ ನಾವು ಬಗ್ಗಿದ ಒಳಮೈಯನ್ನು ತೆಳ್ಳಗೆ ಹೆರೆಯುತ್ತಾ ಬರುತ್ತೇವೆ, ಅದು ತಾನಾಗಿ ಸುಸ್ತಾಗಿ ಮಡಚಿಕೊಳ್ಳುವವರೆಗೆ.

ಚೈನ್ ಸಾ ಬಗ್ಗೆ ಎರಡು ಮಾತು. ಬಾರ್‌ನ, ಅಂದರೆ ಚೈನು ಸುತ್ತುವ ಉದ್ದ ಪಟ್ಟಿಯ, ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಇಡೀ ಗರಗಸ ಹಿಂದಕ್ಕೆ, ಮುಖದ ಕಡೆಗೆ ಚಿಮ್ಮುತ್ತದೆ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ತಪ್ಪಿಸಿಕೊಳ್ಳಲು ಟೈಮೇ ಇರುವುದಿಲ್ಲ. ಬಿದ್ದ ಮರದ ರೆಂಬೆಗಳ ನಡುವೆ ಆ ಮೂತಿ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಏಣಿಯ ಮೇಲೆ ನಿಂತು ಬಳಸುವುದು, ಭುಜಕ್ಕಿಂತ ಮೇಲೆ ಎತ್ತುವುದು, ಒಂದೇ ಕೈಯಲ್ಲಿ ಹಿಡಿಯುವುದು, ಚಪ್ಪಲಿ ಹಾಕಿಕೊಂಡು ಕೆಲಸಕ್ಕಿಳಿಯುವುದು: ಬಿರುಗಾಳಿಯ ಮಾರನೇ ದಿನ ಎಲ್ಲಿ ನೋಡಿದರೂ ಇದೇ. ಬಾಡಿಗೆ ಗರಗಸದ ಜೊತೆ ಮುಖದ ಜಾಲರಿ ಇರುವ ಹೆಲ್ಮೆಟ್, ಕಿವಿಮುಚ್ಚಿಗೆ, ಚೈನು ತಡೆಯುವ ಪ್ಯಾಂಟು ಕೊಡುತ್ತಾರಾ ಅಂತ ಮೈದುನ ಕೇಳಲಿ. ನೆಲದ ಮೇಲೆ ಅಲ್ಲಾಡದೆ ಬಿದ್ದಿರುವ ಸಣ್ಣ ರೆಂಬೆಗಳನ್ನು ಕೈಗರಗಸದಲ್ಲಿ ಕತ್ತರಿಸಿ ಪೇರಿಸಲಿ, ಅದೂ ಕೆಲಸವೇ. ಎಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಲಿ. ಗೂಡು ಕಳೆದುಕೊಂಡ ಕಣಜ, ಹಾವು ಇದ್ದರೂ ಇರಬಹುದು.

ಲೈನ್‌ಮನ್:
ಇಷ್ಟೆಲ್ಲಾ ಆಯಿತು, ವೈರಿನ ಬಗ್ಗೆ ಮಾತೇ ಇಲ್ಲ. ಮೇಡಂ, ಗರಗಸಕ್ಕೂ ಮೊದಲು ನೋಡಬೇಕಾದದ್ದು ಅದು. ಮೂರೂ ಮರಗಳ ಸುತ್ತ ದೂರದಿಂದಲೇ ಒಂದು ಸುತ್ತು ಕಣ್ಣಾಡಿಸಿ. ಎಲೆಗಳ ಒಳಗೆ ತಂತಿ ಹೂತುಹೋಗಿದ್ದರೆ ಸುಲಭಕ್ಕೆ ಕಾಣುವುದಿಲ್ಲ.

ನೆಲಕ್ಕೆ ಬಿದ್ದ ತಂತಿಯಲ್ಲಿ ಕಿಡಿ ಇಲ್ಲ, ಸದ್ದಿಲ್ಲ, ಬೀದಿಗೆಲ್ಲಾ ಕರೆಂಟಿಲ್ಲ, ಹಾಗಾಗಿ ಅದು ಸತ್ತಿದೆ ಅಂದುಕೊಳ್ಳುವವರೇ ಜಾಸ್ತಿ. ಲೈನು ಯಾವ ಗಳಿಗೆಯಲ್ಲಾದರೂ ಮತ್ತೆ ಚಾರ್ಜ್ ಆಗಬಹುದು. ಯಾರೋ ಜನರೇಟರ್ ಅನ್ನು ನೇರ ಮನೆಯ ವೈರಿಂಗಿಗೆ ಸಿಕ್ಕಿಸಿದರೆ ಅಲ್ಲಿಂದಲೂ ಹಿಮ್ಮುಖವಾಗಿ ಕರೆಂಟು ಬರುತ್ತದೆ. ಹಸಿ ಮರ, ಒದ್ದೆ ಹಗ್ಗ, ತಂತಿಬೇಲಿ ಎಲ್ಲವೂ ಕರೆಂಟು ಒಯ್ಯುತ್ತವೆ. ಕನಿಷ್ಠ 10 ಮೀಟರ್ ದೂರ ಇರಿ. ಹತ್ತಿರ ಇದ್ದೇವೆ ಅಂತ ಆಮೇಲೆ ಗೊತ್ತಾದರೆ ಓಡಬೇಡಿ. ನೆಲದಲ್ಲೇ ವೋಲ್ಟೇಜು ಹರಡಿರುತ್ತದೆ, ಎರಡು ಕಾಲಿನ ನಡುವೆ ಅಂತರ ಹೆಚ್ಚಿದಷ್ಟೂ ಮೈಯಲ್ಲಿ ಹರಿಯುವುದು ಹೆಚ್ಚು. ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ನೆಲದಿಂದ ಎತ್ತದೆ, ಸವರಿಕೊಂಡೇ ಆಚೆ ಬನ್ನಿ. ವಿದ್ಯುತ್ ಕಚೇರಿಗೆ ಫೋನ್ ಮಾಡಿ, ಅವರು ಲೈನ್ ಆಫ್ ಮಾಡಿ ಅರ್ಥಿಂಗ್ ಕೊಡುವವರೆಗೆ ಯಾರೂ ಮರ ಮುಟ್ಟುವುದು ಬೇಡ. "ಒಣ ಬಿದಿರಿನಲ್ಲಿ ತಳ್ಳಿದರೆ ಏನೂ ಆಗಲ್ಲ ಬಿಡಿ" ಅನ್ನುವವರು ಬಂದರೆ ಅವರನ್ನೂ ದೂರ ಇಡಿ.

ತೋಟಗಾರಿಕೆಯವಳು:
ಗಟ್ಟಿಯಾಗಿ ನಿಂತ ಮರಗಳ ತಲೆ ಸವರುವ ವಿಷಯ ಓದಿ ತಡೆಯಲಾಗಲಿಲ್ಲ. ಬಿರುಗಾಳಿ ಬಂದುಹೋದ ಮೇಲೆ ಊರೂರಲ್ಲಿ ಮರಗಳಿಗೆ ಆಗುವ ಎರಡನೇ ಪೆಟ್ಟು ಇದೇ. "ಎತ್ತರ ಇಳಿಸಿದರೆ ಬೀಳಲ್ಲ" ಅನ್ನುವುದು ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಆಗುವುದೇ ಬೇರೆ. ಎಲೆಯೆಲ್ಲಾ ಹೋದ ಮರ ಹಸಿವಿಗೆ ಬಿದ್ದು ಕತ್ತರಿಸಿದ ಮೋಟಿನ ಸುತ್ತ ಗೊಂಚಲು ಗೊಂಚಲು ಚಿಗುರು ಬಿಡುತ್ತದೆ. ಎರಡು ಮೂರು ವರ್ಷದಲ್ಲಿ ಅವು ಮತ್ತೆ ಅಷ್ಟೇ ಎತ್ತರಕ್ಕೆ ಹೋಗುತ್ತವೆ. ಅವು ಹಳೆಯ ಕೊಂಬೆಯ ಹಾಗೆ ಒಳಮರದಿಂದ ಹುಟ್ಟಿದವಲ್ಲ, ತೊಗಟೆಯ ಹತ್ತಿರದ ತೆಳು ಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ಅಡಿಯಲ್ಲಿ ಆ ಮೋಟು ಕೊಳೆಯುತ್ತಾ ಬರುತ್ತದೆ. ಹೀಗೆ ಸವರಿದ ಒಂದು ಮರದಿಂದ ಕಿತ್ತುಬಂದ ಕೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ತೊಡೆಗಾತ್ರ ಇತ್ತು. ಬುಡದಲ್ಲಿ ಮರಕ್ಕೆ ಹಿಡಿದುಕೊಂಡಿದ್ದ ಜಾಗ ಅಂಗೈ ಅಗಲವೂ ಇರಲಿಲ್ಲ, ಉಳಿದದ್ದೆಲ್ಲಾ ಕಪ್ಪು ಕೊಳೆ.

ಇನ್ನೊಂದು ಚಟ, ಒಳಗಿನ ರೆಂಬೆಗಳನ್ನೆಲ್ಲಾ ಬೋಳಿಸಿ ತುದಿಯಲ್ಲಿ ಮಾತ್ರ ಎಲೆ ಬಿಡುವುದು. "ಗಾಳಿ ಆಡಲಿ" ಅಂತ ಹೇಳುತ್ತಾರೆ. ಭಾರವೆಲ್ಲಾ ತುದಿಗೆ ಹೋಗಿ ಕೊಂಬೆ ಇನ್ನಷ್ಟು ಬೇಗ ಮುರಿಯುತ್ತದೆ. ಒಂದು ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬಾರದು. ಬಿರುಗಾಳಿ ಆಗಲೇ ಅಷ್ಟು ಕಿತ್ತುಕೊಂಡು ಹೋಗಿದ್ದರೆ ನೀವು ತೆಗೆಯಲು ಏನೂ ಉಳಿದಿಲ್ಲ ಅಂತಲೇ ಅರ್ಥ. ಎಲೆ ಉದುರಿದೆ ಅಂತ ಮರ ಸತ್ತಿಲ್ಲ. ನಡುಕಾಂಡ ಸೀಳಿದ್ದರೆ, ಅಥವಾ ಅರ್ಧಕ್ಕಿಂತ ಜಾಸ್ತಿ ಕೊಂಬೆಗಳೇ ಹೋಗಿದ್ದರೆ ಕಡಿಸುವ ಮಾತು. ಉಳಿದವಕ್ಕೆ ಒಂದು ಚಿಗುರುಕಾಲ ಕೊಡಿ.

ಮುರಿದ ಕೊಂಬೆ ತೆಗೆಯುವಾಗ ಕಾಂಡಕ್ಕೆ ಸಪಾಟಾಗಿ ಸವರಬಾರದು, ಉದ್ದ ಮೋಟನ್ನೂ ಬಿಡಬಾರದು. ಕೊಂಬೆ ಕಾಂಡ ಸೇರುವಲ್ಲಿ ಸ್ವಲ್ಪ ಉಬ್ಬಿದ ಬಳೆಯಂಥ ಭಾಗ ಇರುತ್ತದೆ. ಅದನ್ನು ಮುಟ್ಟದೆ ಅದರ ಹೊರಗೆ ಕತ್ತರಿಸಬೇಕು. ಅದಕ್ಕೂ ಮೊದಲು ಒಂದಡಿ ಆಚೆ ಕೆಳಗಿನಿಂದ ಅರೆಗಚ್ಚು ಹಾಕಿ, ಇನ್ನಷ್ಟು ಆಚೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಬೇಕು. ಇಲ್ಲಾಂದ್ರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬರುತ್ತದೆ.

ಮತ್ತೊಬ್ಬರು:
ಕತ್ತರಿಸಿದ ಜಾಗಕ್ಕೆ ಟಾರು ಬಳಿಯಲು ಮರೆಯಬೇಡಿ. ನಮ್ಮ ತಾತನ ಕಾಲದಿಂದ ಹಾಗೇ ಮಾಡಿಕೊಂಡು ಬಂದಿದ್ದೇವೆ.

ತೋಟಗಾರಿಕೆಯವಳು:
ಸರ್, ಅದು ಬೇಡ. ಮರಕ್ಕೆ ಗಾಯ ಮಾಯುವುದು ಅಂತ ಇಲ್ಲ. ಕೆಟ್ಟ ಭಾಗದ ಸುತ್ತ ಒಳಗೇ ತಡೆಗೋಡೆ ಕಟ್ಟಿಕೊಂಡು ಹೊರಗೆ ಹೊಸ ಮರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಇದನ್ನು ತೋರಿಸಿದರು, 1970ರ ದಶಕದಲ್ಲೇ. ಬಳಿದ ಬಣ್ಣ, ಟಾರು ಕೊಳೆಯನ್ನು ತಡೆಯುವುದಿಲ್ಲ. ಒಳಗೆ ತೇವ ಹಿಡಿದಿಟ್ಟು ಕೆಲವೊಮ್ಮೆ ಹೆಚ್ಚೇ ಮಾಡುತ್ತದೆ. ಕೆಲವು ಮರಗಳಲ್ಲಿ ಕೀಟ ಹರಡುವ ರೋಗದ ಕಾಟ ಇದ್ದಾಗ ಬಳಿಯುವುದುಂಟು, ಅದು ಬೇರೆ ವಿಷಯ.

ವಿಮೆ ವ್ಯವಹಾರ ಗೊತ್ತಿರುವವರು:
ಗೇಟಿಗೆ ಬಂದವರ ಬಗ್ಗೆ. ಪೂರ್ತಿ ದುಡ್ಡು ಮೊದಲೇ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಒಳ್ಳೆಯ ಕೆಲಸಗಾರರಿಗೆ ಬಿರುಗಾಳಿಯ ನಂತರ ಕೈತುಂಬ ಕೆಲಸ ಇರುತ್ತದೆ, ಅವರು ಮನೆ ಮನೆ ಬಾಗಿಲು ತಟ್ಟಿಕೊಂಡು ಬರುವುದು ಅಪರೂಪ. ಅವರ ಆಳಿಗೆ ಪೆಟ್ಟಾದರೆ, ಪಕ್ಕದ ಮನೆಯ ಗೋಡೆ ಒಡೆದರೆ ಯಾರ ಹೊಣೆ ಅಂತ ಕೇಳಿ. ವಿಮೆ ಪತ್ರ ತೋರಿಸಲು ಹಿಂಜರಿದರೆ ಆ ಹೊಣೆ ನಿಮ್ಮ ತಲೆಗೆ ಬರಬಹುದು. ಯಾವ ಮರ, ಎಲ್ಲಿಯವರೆಗೆ, ಬೊಡ್ಡೆ ತೆಗೆಯುತ್ತಾರಾ, ಕಸ ಯಾರು ಸಾಗಿಸುತ್ತಾರೆ, ಎಲ್ಲಾ ಬರಹದಲ್ಲಿ ಇರಲಿ. ನಿಮಗೇ ವಿಮೆ ಇದ್ದರೆ ಒಂದು ರೆಂಬೆ ಸರಿಸುವ ಮೊದಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ.

ಮರದ ಕೆಲಸ ಮಾಡುವವನು:
ಸರ್ ಹೇಳಿದ್ದಕ್ಕೆ ಇನ್ನೊಂದಿಷ್ಟು. ಕೆಲಸಗಾರ ಬಂದಾಗ ಏನು ತಂದಿದ್ದಾನೆ ಅಂತ ನೋಡಿ. ಉಳಿಸಬೇಕಾದ ಮರಕ್ಕೆ ಕಾಲಿಗೆ ಮುಳ್ಳುಕೊಕ್ಕೆ ಕಟ್ಟಿಕೊಂಡು ಹತ್ತಿದರೆ ಪ್ರತಿ ಹೆಜ್ಜೆಗೂ ಒಂದು ಗಾಯ. ಜೆಸಿಬಿ ಬಕೆಟ್‌ನಲ್ಲಿ ಆಳನ್ನು ಕೂರಿಸಿ ಮೇಲೆ ಕಳಿಸುವುದು, ಸಿಕ್ಕಿದ ಹಗ್ಗವನ್ನು ಗಾಡಿಗೆ ಕಟ್ಟಿ ಜಗ್ಗುವುದು ಕಂಡರೆ ಕೆಲಸ ನಿಲ್ಲಿಸಿ ಕಳಿಸಿಬಿಡಿ. ನೈಲಾನ್ ಹಗ್ಗ ತುಂಡಾದರೆ ಹಿಂದಕ್ಕೆ ಬಡಿಯುವ ಹೊಡೆತಕ್ಕೆ ಪ್ರಾಣ ಹೋಗಬಹುದು. ಬಂದ ಕೂಡಲೇ ಗರಗಸ ಸ್ಟಾರ್ಟ್ ಮಾಡದೆ, ತಲೆ ಎತ್ತಿ ಮರದ ಸುತ್ತ ಓಡಾಡಿ, ತಪ್ಪಿಸಿಕೊಳ್ಳುವ ದಾರಿಯ ಕಸ ಗುಡಿಸುವವನು ಸಿಕ್ಕರೆ ಅವನನ್ನು ಹಿಡಿದುಕೊಳ್ಳಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೈದುನ ಓದಿದ, ಈಗ ಸುಮ್ನಾಗಿದ್ದಾನೆ. ವೈರು ಎಲ್ಲೂ ಇಲ್ಲ, ದೂರದಿಂದಲೇ ನೋಡಿದೆವು. ಒರಗಿದ ಮರದ ಬೇರಿನ ಕಡೆ ದೊಡ್ಡ ಗುಂಡಿ ಆಗಿದೆ, ಮಕ್ಕಳು ಅದರಲ್ಲಿ ಇಳಿದು ಆಡಲು ಶುರು ಮಾಡಿದ್ದಾರೆ. ನೇತಾಡುತ್ತಿರುವ ಕೊಂಬೆಯ ಕೆಳಗೇ ಬಟ್ಟೆ ಒಣಹಾಕುವ ಜಾಗ. ಎಳೆಯ ಗಿಡ ಉಳಿಯುತ್ತಾ?

ಮರದ ಕೆಲಸ ಮಾಡುವವನು:
ಮಕ್ಕಳನ್ನು ಈಗಲೇ ಮೇಲೆ ಕರೆಯಿರಿ ಅಕ್ಕಾ. ಎದ್ದು ನಿಂತ ಆ ಬೇರಿನ ಗಡ್ಡೆಯಲ್ಲಿ ಟನ್‌ಗಟ್ಟಲೆ ಮಣ್ಣು ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಕಾಂಡದ ಭಾರ ಮಾತ್ರ. ಕಾಂಡ ಕತ್ತರಿಸಿದ ಕ್ಷಣ ಬುಡ ಎದ್ದು ಗುಂಡಿಗೆ ವಾಪಸ್ ಕೂರಬಹುದು, ಕೆಲವೊಮ್ಮೆ ಯಾರೂ ಮುಟ್ಟದೆಯೂ ಕುಸಿಯುತ್ತದೆ. ಒರಗಿದ ಮರದ ಬಗ್ಗೆ ಯಾರಾದರೂ "ಆಸರೆಯ ಮರ ಕಡಿದರೆ ಎರಡೂ ಒಟ್ಟಿಗೆ ಬೀಳುತ್ತೆ" ಅಂದರೆ ಒಪ್ಪಬೇಡಿ. ಅದನ್ನು ದೂರದಿಂದ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ಎಳೆಯಬೇಕು, ಅಥವಾ ಕ್ರೇನ್ ಬೇಕು. ಅಲ್ಲಿಯವರೆಗೆ ಮರದ ಎತ್ತರದ ಎರಡರಷ್ಟು ದೂರ ಹಗ್ಗ ಕಟ್ಟಿ ಯಾರನ್ನೂ ಬಿಡಬೇಡಿ. ಆ ಅಳತೆಯೊಳಗೆ ಮನೆಯೇ ಬಂದರೆ ಆ ಕಡೆಯ ಕೋಣೆಗಳಲ್ಲಿ ಮಲಗಬೇಡಿ, ಈ ಮರದ ಕೆಲಸವನ್ನೇ ಮೊದಲು ಮಾಡಿಸಿ. ನೇತಾಡುವ ಕೊಂಬೆ ಗಾಳಿ ಇಲ್ಲದ ದಿನವೂ ಬೀಳುತ್ತದೆ. ಬಟ್ಟೆಯ ತಂತಿ ಬೇರೆ ಕಡೆ ಕಟ್ಟಿಕೊಳ್ಳಿ.

ತೋಟಗಾರಿಕೆಯವಳು:
ಎಳೆಯದರ ಕಾಂಡ ಮುಷ್ಟಿಗಾತ್ರದ ಒಳಗಿದ್ದು, ಬೇರು ಅರ್ಧಕ್ಕಿಂತ ಹೆಚ್ಚು ಮಣ್ಣಲ್ಲೇ ಇದ್ದರೆ ಉಳಿಸಬಹುದು. ಬೇರು ಒಣಗದ ಹಾಗೆ ಇವತ್ತೇ ಒದ್ದೆ ಗೋಣಿ ಮುಚ್ಚಿ. ಎದ್ದ ಬೇರಿನ ಅಡಿಯ ಮಣ್ಣು ಸ್ವಲ್ಪ ಬಗೆದು, ನಿಧಾನಕ್ಕೆ ನಿಲ್ಲಿಸಿ, ಮೊದಲಿದ್ದ ಆಳಕ್ಕೇ ಮಣ್ಣು ಮುಚ್ಚಿ ನೀರು ಹಾಕಿ. ಎರಡು ಮೂರು ಗೂಟ ನೆಟ್ಟು ಅಗಲವಾದ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಕಾಂಡ ತುಸು ಅಲ್ಲಾಡುವಷ್ಟು. ತಂತಿಯಿಂದ ಕಟ್ಟಬೇಡಿ, ತೊಗಟೆಗೆ ಕೊರೆಯುತ್ತದೆ. ವರ್ಷದೊಳಗೆ ಕಟ್ಟು ಬಿಚ್ಚಿಬಿಡಿ.